ಬೆಳಗಾವಿ ಅಧಿವೇಶನ: ಗ್ಯಾಲರಿಯಲ್ಲಿ ಕೂತು ಕೇಳಿದ ಪ್ರಶ್ನೋತ್ತರ

ಭಾನುವಾರ ರಾತ್ರಿ

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಅರಸೀಕೆರೆಗೆ ಬರುವಷ್ಟರಲ್ಲಿ ನಡುರಾತ್ರಿ ಕಳೆದು ಬಹಳ ಹೊತ್ತಾಗಿತ್ತು. ಸ್ಲೀಪರ್ ಬೋಗಿ ಹತ್ತಿದರೆ ಅರ್ಧ ಜನ ಎದ್ದೇ ಕೂತಿದ್ದಾರೆ. ಒಬ್ಬರ ತೊಡೆಯ ಮೇಲೆ ಮನವಿ ಪತ್ರಗಳ ಕಟ್ಟು, ಇನ್ನೊಬ್ಬರ ಪಕ್ಕದಲ್ಲಿ ಸುತ್ತಿಟ್ಟ ಬ್ಯಾನರ್. ಡಿಸೆಂಬರ್‌ನಲ್ಲಿ ಬೆಳಗಾವಿ ಕಡೆಗೆ ಹೋಗುವ ರೈಲು, ಬಸ್ಸುಗಳೆಲ್ಲ ಹೀಗೇ. ವಿಧಾನಮಂಡಲ ಅಲ್ಲಿಗೆ ಹೋದರೆ ಅರ್ಜಿ ಹಿಡಿದವರೂ ಅದರ ಬೆನ್ನಿಗೇ ಹೊರಡುತ್ತಾರೆ.

ನನ್ನ ಕೈಯಲ್ಲಿ ಅರ್ಜಿ ಇರಲಿಲ್ಲ. ತಿಪಟೂರಿನ ಕಡೆ ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಕಾರ್ಯಾಂಗದ ಮೇಲೆ ಶಾಸಕಾಂಗದ ಹಿಡಿತ ಎಂಬ ಭಾಗ ಬಂದಾಗಲೆಲ್ಲ ಪ್ರಶ್ನೋತ್ತರ ಅವಧಿ, ಶೂನ್ಯ ವೇಳೆ, ನಿಲುವಳಿ ಸೂಚನೆ ಎಂದು ಬೋರ್ಡಿನ ಮೇಲೆ ಬರೆದು, ಪರೀಕ್ಷೆಗೆ ಎಷ್ಟು ಬೇಕೋ ಅಷ್ಟು ಹೇಳಿ ಮುಗಿಸುವುದು ರೂಢಿ. ಟಿವಿಯಲ್ಲಿ ಕಾಣುವುದೋ, ಬಾವಿಗಿಳಿದ ಸದಸ್ಯರು, ಹರಿದೆಸೆದ ಕಾಗದ, ಎದ್ದು ನಿಂತ ಸಭಾಧ್ಯಕ್ಷರು. ಆ ಎರಡು ನಿಮಿಷದ ಆಚೀಚೆ ಏನು ನಡೆಯುತ್ತದೆ ಎಂದು ಕಣ್ಣಾರೆ ನೋಡುವ ಆಸೆ ಹಳೆಯದು. ಬಿ.ಎಡ್ ಓದುವಾಗಿನ ಗೆಳೆಯನೊಬ್ಬ ಬೆಳಗಾವಿಯ ವಡಗಾವಿಯಲ್ಲಿದ್ದಾನೆ. ‘ಪಾಸಿಂದು ನಾ ನೋಡ್ಕೋತೇನಿ, ನೀ ಬಾ ಸುಮ್ನ’ ಎಂದಿದ್ದ.

ಸೋಮವಾರ

ಲೋಂಡಾ ದಾಟುವಾಗ ಕಿಟಕಿಯಾಚೆ ಮಂಜು ಬಿಟ್ಟರೆ ಏನೂ ಇಲ್ಲ. ಬೆಳಗಾವಿಯಲ್ಲಿ ಇಳಿದಾಗ ಬಿಸಿಲು ಬಂದಿದ್ದರೂ ಸ್ವೆಟರ್ ಬಿಚ್ಚುವ ಹಾಗಿರಲಿಲ್ಲ.

ಅಧಿವೇಶನದ ದಿನಗಳಲ್ಲಿ ಈ ಊರಿನಲ್ಲಿ ಲಾಡ್ಜ್ ಹುಡುಕುವುದು ದಂಡ. ಸಚಿವರು, ಶಾಸಕರು, ಕಾರ್ಯದರ್ಶಿಗಳು, ಅವರ ಆಪ್ತ ಸಹಾಯಕರು, ಚಾಲಕರು, ಪತ್ರಕರ್ತರು, ಎಲ್ಲರಿಗೂ ಮೊದಲೇ ಕೋಣೆ ಹಂಚಿಕೆಯಾಗಿರುತ್ತದೆ. ನನಗೆ ಗೆಳೆಯನ ಮನೆಯಿತ್ತು. ವಡಗಾವಿ ನೇಕಾರರ ಕೇರಿ. ಬೆಳಿಗ್ಗೆಯಿಂದಲೇ ಮಗ್ಗದ ಸದ್ದು. ‘ಮೊದಲ ಉಂಡು ಆಮ್ಯಾಲ ಮಾತಾಡ್ರಿ’ ಎಂದು ಗೆಳೆಯನ ಅವ್ವ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸಿದರು.

ಮಧ್ಯಾಹ್ನ ಬೈಕಿನಲ್ಲಿ ಸುವರ್ಣ ವಿಧಾನಸೌಧದ ಕಡೆ ಹೋಗಿ ಬಂದೆವು. ಊರ ಹೊರಗೆ, ಹಲಗಾ–ಬಸ್ತವಾಡ ಬಳಿ, ಹೆದ್ದಾರಿಯ ಪಕ್ಕದ ದಿಬ್ಬದ ಮೇಲೆ ಬೆಳ್ಳಗೆ ಹರಡಿಕೊಂಡು ಕೂತಿದೆ. ಸುತ್ತ ಕಬ್ಬು, ಹೊಲ. 2006ರಲ್ಲಿ ಮೊದಲ ಬಾರಿಗೆ ಬೆಳಗಾವಿಯಲ್ಲಿ ಅಧಿವೇಶನ ನಡೆದಾಗ ಸರ್ಕಾರಕ್ಕೆ ಇಲ್ಲಿ ಸ್ವಂತ ಸೂರಿರಲಿಲ್ಲ. ಕೆಎಲ್‌ಇ ಸಂಸ್ಥೆಯ ಆವರಣದಲ್ಲಿ ನಡೆಸಿದ್ದರು. ಗಡಿಯ ವ್ಯಾಜ್ಯ ಬಿಸಿಯಾಗಿದ್ದ ಕಾಲ. ಈ ಊರು ನಮ್ಮದು ಎಂದು ಸದನ ಸೇರಿಸಿಯೇ ತೋರಿಸಬೇಕಿತ್ತು. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಈ ಕಟ್ಟಡವನ್ನು ಉದ್ಘಾಟಿಸಿದರು. ಅಲ್ಲಿಂದ ಈಚೆಗೆ ಚಳಿಗಾಲದ ಅಧಿವೇಶನ ಬಂದಾಗ ಜೀವ ಬರುತ್ತದೆ, ಮುಗಿದ ಮೇಲೆ ಉಳಿದ ತಿಂಗಳೆಲ್ಲ ಬಹುಮಟ್ಟಿಗೆ ಬಿಕೋ. 2022ರಲ್ಲಿ ಇದರ ಮುಂದೆ ಶಾವಿಗೆ ಒಣಹಾಕಿದ್ದು ರಾಜ್ಯದ ತುಂಬ ಸುದ್ದಿಯಾಯಿತು. ಒಣಹಾಕಲು ಅದಕ್ಕಿಂತ ಒಳ್ಳೆಯ ಜಾಗ ಆ ಸುತ್ತಿನಲ್ಲಿ ಇರಲಿಕ್ಕಿಲ್ಲ ಎಂದು ನನಗೂ ಅನ್ನಿಸಿತು.

ರಾತ್ರಿ ಊಟಕ್ಕೆ ಕೂತಾಗ ಗೆಳೆಯ ಕೆಣಕಿದ. ‘ಪ್ರಶ್ನಾ ಕೇಳಿದ್ರ ಏನ ಆಗ್ತೈತಿ ಹೇಳಲೇ? ಅವ್ರು ಕೇಳ್ತಾರ, ಇವ್ರು ಹೇಳ್ತಾರ, ಕೂಡಿ ಉಣ್ತಾರ.’

ಮೇಷ್ಟರ ಚಟ, ನಾನು ಮುಂಧ್ರಾ ಹಗರಣ ತೆಗೆದೆ. 1957ರಲ್ಲಿ ಹೊಸದಾಗಿ ಹುಟ್ಟಿದ್ದ ಎಲ್‌ಐಸಿ, ಹರಿದಾಸ್ ಮುಂಧ್ರಾ ಎಂಬ ವ್ಯಾಪಾರಿಯ ಕಂಪನಿಗಳ ಷೇರುಗಳಿಗೆ ಸುಮಾರು 1.24 ಕೋಟಿ ರೂಪಾಯಿ ಸುರಿದಿತ್ತು. ಲೋಕಸಭೆಯಲ್ಲಿ ಆ ಬಗ್ಗೆ ಪ್ರಶ್ನೆ ಎದ್ದಿತು, ಉತ್ತರ ನುಣುಚಿತು. ಫಿರೋಜ್ ಗಾಂಧಿ ಬಿಡಲಿಲ್ಲ. ಆಳುವ ಪಕ್ಷದವರೇ, ಪ್ರಧಾನಿಯ ಅಳಿಯ ಬೇರೆ. ನ್ಯಾಯಮೂರ್ತಿ ಛಾಗ್ಲಾ ವಿಚಾರಣೆ ನಡೆಯಿತು, 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

‘ಖರೇ. ಆದ್ರ ಈಗ ಆಳೋ ಪಕ್ಷದಾವ್ರು ಹಂಗ ಕೇಳ್ತಾರೇನು?’ ಎಂದ. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಅವ್ವ ಇನ್ನೊಂದು ರೊಟ್ಟಿ ಹಾಕಿದರು.

ಮಂಗಳವಾರ

ಹೆದ್ದಾರಿಯಿಂದ ಒಳಕ್ಕೆ ತಿರುಗುವಲ್ಲಿಂದಲೇ ಪೊಲೀಸರ ಸಾಲು. 2023ರ ಡಿಸೆಂಬರ್ 13ರಂದು ಲೋಕಸಭೆಯಲ್ಲಿ ಪ್ರೇಕ್ಷಕರ ಗ್ಯಾಲರಿಯಿಂದ ಇಬ್ಬರು ಕೆಳಕ್ಕೆ ಹಾರಿದರಲ್ಲ, ಆಗ ಇಲ್ಲಿಯೂ ಅಧಿವೇಶನ ನಡೆಯುತ್ತಿತ್ತು. ಅಂದಿನಿಂದ ಗ್ಯಾಲರಿಗೆ ಬರುವವರನ್ನು ಇನ್ನಷ್ಟು ಜಾಲಾಡುತ್ತಾರೆ. ಫೋನು ಹೊರಗೆ. ಪಾಸಿನಲ್ಲಿರುವ ಹೆಸರು, ಕೈಯಲ್ಲಿರುವ ಆಧಾರ್, ಎದುರಿಗಿರುವ ಮುಖ ಮೂರನ್ನೂ ತಾಳೆ ನೋಡಿ ಬಿಟ್ಟರು. ನನ್ನ ಮುಂದೆ ಯಾವುದೋ ಪ್ರೌಢಶಾಲೆಯ ಮಕ್ಕಳ ಸಾಲು. ‘ಮಾತಾಡಬ್ಯಾಡ್ರಿ, ಕಾಲ ಮ್ಯಾಲ ಕಾಲ ಹಾಕಬ್ಯಾಡ್ರಿ’ ಎಂದು ಮಾರ್ಷಲ್ ಮೆಲ್ಲಗೆ ಹೇಳುತ್ತಿದ್ದರು. ನಾನೂ ಕಾಲು ಇಳಿಸಿದೆ.

ಮೇಲಿಂದ ನೋಡಿದರೆ ಸದನ ಚಿಕ್ಕದು. ಸಭಾಧ್ಯಕ್ಷರ ಬಲಕ್ಕೆ ಆಳುವ ಪಕ್ಷ, ಎಡಕ್ಕೆ ವಿರೋಧ ಪಕ್ಷ, ನಡುವೆ ಮಾತನ್ನೆಲ್ಲ ಬರೆದುಕೊಳ್ಳುವ ವರದಿಗಾರರ ಮೇಜು. ಒಂದು ಬದಿಗೆ ಅಧಿಕಾರಿಗಳ ಗ್ಯಾಲರಿ. ಟಿವಿ ಕ್ಯಾಮೆರಾ ಅತ್ತ ತಿರುಗುವುದೇ ಅಪರೂಪ. ನಿಜವಾದ ನಾಟಕ ಮಾತ್ರ ಅರ್ಧ ಅಲ್ಲೇ ನಡೆಯುತ್ತದೆ. ಬಣ್ಣಬಣ್ಣದ ಕಡತ ತೊಡೆಯ ಮೇಲಿಟ್ಟುಕೊಂಡು, ತಮ್ಮ ಸಚಿವರ ಬೆನ್ನನ್ನೇ ನೋಡುತ್ತ ಕೂತವರು ಅವರು. ಗಂಟೆ ಬಾರಿಸಿತು. 224 ಕುರ್ಚಿಗಳಲ್ಲಿ ಎಷ್ಟೋ ಖಾಲಿ. ಹತ್ತರಲ್ಲೊಂದು ಪಾಲು ಸದಸ್ಯರಿದ್ದರೆ ಕೋರಂ ಆಯಿತು ಎಂದು ಸಂವಿಧಾನವೇ ಹೇಳಿದೆ, ಕಲಾಪ ಶುರುವಾಯಿತು.

ಪ್ರಶ್ನೆಗಳಲ್ಲಿ ಎರಡು ಜಾತಿ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಅದರ ಮೇಲೆ ಪೂರಕ ಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಉತ್ತರ ಕಾಗದದಲ್ಲಿ ಬರುತ್ತದೆ, ಚರ್ಚೆ ಇಲ್ಲ. ಈ ಪೂರಕ ಪ್ರಶ್ನೆ ಪುಕ್ಕಟೆ ಸಿಕ್ಕದ್ದಲ್ಲ. 1892ರ ಕಾಯ್ದೆಯಲ್ಲಿ ಬ್ರಿಟಿಷರು ಶಾಸನ ಸಭೆಗಳ ಸದಸ್ಯರಿಗೆ ಪ್ರಶ್ನೆ ಕೇಳಲು ಬಿಟ್ಟರು, ಆದರೆ ಕೊಟ್ಟ ಉತ್ತರವನ್ನು ಕೇಳಿಸಿಕೊಂಡು ಸುಮ್ಮನೆ ಕೂರಬೇಕಿತ್ತು. ಮರುಪ್ರಶ್ನೆ ಹಾಕುವ ಹಕ್ಕು ಬಂದದ್ದು 1909ರಲ್ಲಿ. ನಮ್ಮ ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಸೇರಿಸಿದರು, ದೊಡ್ಡ ಹೆಜ್ಜೆಯೇ ಸರಿ. ಅಲ್ಲಿಯೂ ಮೊದಮೊದಲು ಊರಿನ ಕುಂದುಕೊರತೆ ಅರಿಕೆ ಮಾಡಿಕೊಂಡು ದಿವಾನರು ಹೇಳಿದ್ದನ್ನು ಕೇಳಿಕೊಂಡು ಬರುವುದಷ್ಟೇ. ಪಾಠದಲ್ಲಿ ಈ ಇಸವಿಗಳನ್ನು ಒಣಗಿಸಿ ಕೊಡುತ್ತಿದ್ದೆ. ಮರುಪ್ರಶ್ನೆಯ ಬೆಲೆ ಗೊತ್ತಾದದ್ದು ಆ ಬೆಳಿಗ್ಗೆ.

ನದಿ ತೀರದ ಒಂದು ತಾಲ್ಲೂಕಿನ ಶಾಸಕರು. ಹೆಸರು ಬೇಡ, ಪಕ್ಷವೂ ಬೇಡ. ಮಳೆಗಾಲದಲ್ಲಿ ಮುಳುಗುವ ಕೆಳಮಟ್ಟದ ಸೇತುವೆಯ ಬಗ್ಗೆ ಅವರ ಪ್ರಶ್ನೆ. ಈ ಜಿಲ್ಲೆಯಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ತುಂಬಿ ಬಂದಾಗಲೆಲ್ಲ ಇಂಥ ಸೇತುವೆಗಳು ನೀರಿನಡಿ ಹೋಗಿ ಊರುಗಳು ದ್ವೀಪವಾಗುತ್ತವೆ. ಶಾಸಕರು ಪ್ರಶ್ನೆ ಸಂಖ್ಯೆ ಓದಿದರು. ಸಚಿವರು ಎದ್ದು, ‘ಮಾನ್ಯ ಸಭಾಧ್ಯಕ್ಷರೇ, ಉತ್ತರವನ್ನು ಒದಗಿಸಿದ್ದೇನೆ’ ಎಂದು ಕೂತರು. ಇಷ್ಟೇ. ಗ್ಯಾಲರಿಯಲ್ಲಿದ್ದ ಮಕ್ಕಳು ಮುಖ ಮುಖ ನೋಡಿಕೊಂಡವು. ಪ್ರಶ್ನೆ ಯಾವುದು, ಉತ್ತರ ಯಾವುದು, ಏನೂ ಕಿವಿಗೆ ಬೀಳಲಿಲ್ಲ!

ಆ ಉತ್ತರದ ಹಾಳೆಯನ್ನು ಆಮೇಲೆ ಓದಿದೆ. ಮಧ್ಯಕ್ಕೆ ಗೆರೆ ಎಳೆದ ಎರಡು ಅಂಕಣ, ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. (ಅ) ಸದರಿ ಸೇತುವೆ ಪ್ರತಿ ವರ್ಷ ಮುಳುಗಡೆಯಾಗಿ ಜನಸಂಚಾರಕ್ಕೆ ತೊಂದರೆಯಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದೆ. (ಆ) ಬಂದಿದ್ದಲ್ಲಿ, ಎತ್ತರದ ಸೇತುವೆ ನಿರ್ಮಿಸುವ ಪ್ರಸ್ತಾವನೆ ಇದೆಯೇ? ಪ್ರಸ್ತಾವನೆಯು ಪರಿಶೀಲನೆಯಲ್ಲಿದೆ. (ಇ) ಯಾವ ಕಾಲಮಿತಿಯಲ್ಲಿ ಕಾಮಗಾರಿ ಕೈಗೆತ್ತಿಕೊಳ್ಳಲಾಗುವುದು? ಅನುದಾನದ ಲಭ್ಯತೆಯನ್ನಾಧರಿಸಿ ಕ್ರಮ ಕೈಗೊಳ್ಳಲಾಗುವುದು. ಇಡೀ ಹಾಳೆಯಲ್ಲಿ ಒಂದು ಸುಳ್ಳಿಲ್ಲ, ಹಿಡಿಯಲು ಒಂದು ಹಿಡಿಕೆಯೂ ಇಲ್ಲ.

ಶಾಸಕರು ಪೂರಕ ಪ್ರಶ್ನೆಗೆ ಎದ್ದರು. ಹಳ್ಳಿಯ ಕಷ್ಟ, ಬಾಣಂತಿಯರು, ಶಾಲೆಯ ಮಕ್ಕಳು ಎಂದೆಲ್ಲ ಭಾಷಣಕ್ಕೆ ಇಳಿಯುತ್ತಾರೆ ಎಂದುಕೊಂಡೆ. ಇಳಿಯಲಿಲ್ಲ. ‘ಪ್ರಸ್ತಾವನೆ ಪರಿಶೀಲನೆಯಾಗ ಐತಿ ಅಂತ ಹೇಳೀರಿ. ಯಾರ ಟೇಬಲ್ ಮ್ಯಾಲ ಐತಿ, ಯಾವ ತಾರೀಖಿಂದ ಐತಿ, ಅಷ್ಟ ಹೇಳ್ರಿ ಸಾಕು’ ಎಂದು ಕೂತುಬಿಟ್ಟರು.

ಸಚಿವರು ಎದುರಿಗಿದ್ದ ಕಡತ ತಿರುವಿದರು. ಎರಡು ಹಾಳೆ ಮುಂದಕ್ಕೆ, ಒಂದು ಹಿಂದಕ್ಕೆ. ನೆರೆಪೀಡಿತ ಪ್ರದೇಶಗಳ ಬಗ್ಗೆ ಸರ್ಕಾರಕ್ಕಿರುವ ಕಾಳಜಿ ಹೇಳತೊಡಗಿದರು. ಅಷ್ಟರಲ್ಲಿ ಅಧಿಕಾರಿಗಳ ಗ್ಯಾಲರಿಯಲ್ಲಿ ತಲೆಗಳು ಒಂದಾದವು, ಒಬ್ಬರು ಮೊಣಕಾಲ ಮೇಲೆಯೇ ಚೀಟಿ ಗೀಚಿದರು, ಸಿಬ್ಬಂದಿಯೊಬ್ಬ ಬಗ್ಗಿಕೊಂಡೇ ಹೋಗಿ ಅದನ್ನು ಸಚಿವರ ಕೈ ಸೇರಿಸಿದ. ‘ಅಂದಾಜು ಪಟ್ಟಿ ಆರ್ಥಿಕ ಇಲಾಖೆಗೆ ಹೋಗಿದೆ’ ಎಂದರು ಸಚಿವರು. ‘ಹೋದ ತಾರೀಖು?’ ಎಂದರು ಶಾಸಕರು, ಕೂತಲ್ಲಿಂದಲೇ.

ಇನ್ನೇನು ಉತ್ತರ ಬರಬೇಕು. ನನ್ನ ಪಕ್ಕದ ಹುಡುಗ ಮುಂದಕ್ಕೆ ಬಾಗಿದ್ದ. ಆಗ ಹಿಂದಿನ ಸಾಲಿನಿಂದ ಇನ್ನೊಬ್ಬರು ಎದ್ದು, ಈ ಸರ್ಕಾರದಲ್ಲಿ ದುಡ್ಡು ಕೊಡದೆ ಯಾವ ಕಡತವೂ ಅಲ್ಲಾಡುವುದಿಲ್ಲ ಎಂದು ಗುಡುಗಿದರು. ಈ ಕಡೆಯಿಂದ ನಾಲ್ವರು ಎದ್ದರು. ನಿಮ್ಮ ಕಾಲದಲ್ಲಿ ಏನಾಗಿತ್ತು ಗೊತ್ತಿಲ್ಲವೇ, ದಾಖಲೆ ಕೊಡಿ, ಕ್ಷಮೆ ಕೇಳಿ, ಕಡತದಿಂದ ತೆಗೆಸಿ. ಮೈಕಿನಲ್ಲಿ ಮಾತು ಹೋಗಿ ಗೌಜು ಉಳಿಯಿತು. ಸಭಾಧ್ಯಕ್ಷರು ಎದ್ದು ನಿಂತು, ಬೇಡಿಕೊಂಡು, ಗದರಿಸಿ, ಕೊನೆಗೆ ‘ಮುಂದಿನ ಪ್ರಶ್ನೆ’ ಎಂದರು. ಸೇತುವೆಯ ಸಚಿವರು ಕೂತು ನೀರು ಕುಡಿದರು. ಅಧಿಕಾರಿಗಳ ಗ್ಯಾಲರಿಯಲ್ಲಿ ಒಬ್ಬರು ಕಡತದ ದಾರ ಕಟ್ಟುತ್ತಿದ್ದರು. ತಾರೀಖು ಕೇಳಿದ ಶಾಸಕರು ಎರಡು ಸಲ ಕೈ ಎತ್ತಿದರು, ಯಾರೂ ನೋಡಲಿಲ್ಲ.

ಗದ್ದಲ ಮಾಡಿದವರು ವಿರೋಧ ಪಕ್ಷದವರು, ಬಚಾವಾದವರು ಸಚಿವರು. ಸಂಜೆ ಎಲ್ಲ ಚಾನೆಲ್‌ಗಳಲ್ಲಿ ಗುಡುಗಿದವರದೇ ಮುಖ. ‘ನೋಡು, ಹುಲಿ ಹಂಗ ಮಾತಾಡ್ಯಾನ’ ಎಂದ ಗೆಳೆಯ. ಆ ಹುಲಿ ಸುಮ್ಮನಿದ್ದಿದ್ದರೆ ಒಂದು ತಾರೀಖು ಹೊರಗೆ ಬರುತ್ತಿತ್ತು ಮಾರಾಯ ಎಂದೆ. ಅವನಿಗೆ ಅದು ಅಷ್ಟು ದೊಡ್ಡದಾಗಿ ಕಾಣಲಿಲ್ಲ.

ಬುಧವಾರ

ಒಳಗೆ ಹೋಗಲಿಲ್ಲ. ಕೊಂಡಸಕೊಪ್ಪದ ಬಳಿ ಪ್ರತಿಭಟನೆಗೆಂದೇ ಹಾಕುವ ಟೆಂಟುಗಳ ಕಡೆ ನಡೆದೆ. ಕಬ್ಬಿನ ಬೆಲೆಗೆ ಬಂದ ರೈತರು, ಕಾಯಂ ಮಾಡಿ ಎಂದು ಬಂದ ಅತಿಥಿ ಉಪನ್ಯಾಸಕರು, ಮೀಸಲಾತಿ ಕೇಳುವವರು. ಧೂಳು, ಧ್ವನಿವರ್ಧಕ, ಚಹಾದ ತಳ್ಳುಗಾಡಿ. ಒಂದು ಟೆಂಟಿನಲ್ಲಿ ಬಿಸಿಯೂಟ ಮಾಡುವ ಹೆಣ್ಣುಮಕ್ಕಳು ಕೂತಿದ್ದರು. ಕೈಯಲ್ಲಿ ಪುಸ್ತಕ, ಪೆನ್ನು ನೋಡಿ ನನ್ನನ್ನು ಪೇಪರಿನವನೆಂದೇ ತಿಳಿದರು.

‘ಒಳಗ ನಮ್ಮ ಮಾತು ಬಂತೇನ್ರೀ ಅಣ್ಣಾರ?’ ಎಂದು ಹಿರಿಯಾಕೆಯೊಬ್ಬರು ಕೇಳಿದರು.

ನಾನು ಮೇಷ್ಟ್ರು ಎಂದು ಹೇಳಿ, ನಿಮ್ಮ ಗೌರವಧನದ ಬಗ್ಗೆ ಯಾರಾದರೂ ಚುಕ್ಕೆ ಇಲ್ಲದ ಪ್ರಶ್ನೆ ಕೇಳಿದ್ದರೆ ಉತ್ತರ ಕಾಗದದಲ್ಲೇ ಬರುತ್ತದೆ ಅಕ್ಕಾ, ಅದರ ಮೇಲೆ ಮಾತು ನಡೆಯುವುದಿಲ್ಲ ಎಂದೆ.

‘ಕಾಗದಾ ನಮಗೂ ಕೊಟ್ಟಾರ್ರೀ’ ಎಂದು ಅವರು ಪ್ಲಾಸ್ಟಿಕ್ ಚೀಲದೊಳಗಿಂದ ಮಡಿಸಿದ ಪತ್ರ ತೆಗೆದರು. ಹಿಂದಿನ ಧರಣಿಯಲ್ಲಿ ಕೊಟ್ಟ ಹಿಂಬರಹ. ‘ನಿಯಮಾನುಸಾರ ಪರಿಶೀಲಿಸಲಾಗುವುದು.’ ಮಡಿಕೆಯ ಗೆರೆಗಳಲ್ಲಿ ಅಕ್ಷರ ಅಳಿಸಿತ್ತು.

ಮಧ್ಯಾಹ್ನದ ಹೊತ್ತಿಗೆ ಸಚಿವರೊಬ್ಬರ ಕಾರು ಬಂತು. ಮನವಿ ತೆಗೆದುಕೊಂಡರು, ಮೈಕಿನಲ್ಲಿ ಭರವಸೆ ಕೊಟ್ಟರು, ಚಪ್ಪಾಳೆಯೂ ಬಿತ್ತು. ಅದೇ ಮಾತನ್ನು ಅಲ್ಲೇ ಕಣ್ಣಳತೆಯ ದೂರದಲ್ಲಿರುವ ಸದನದೊಳಗೆ ಹೇಳಿದ್ದರೆ ಲೆಕ್ಕ ಬೇರೆ. ಸದನದಲ್ಲಿ ಸಚಿವರು ‘ಮಾಡುತ್ತೇನೆ’ ಎಂದರೆ ಅದು ದಾಖಲೆಗೆ ಹೋಗುತ್ತದೆ, ಸರ್ಕಾರಿ ಭರವಸೆಗಳ ಸಮಿತಿ ಅದನ್ನು ಬೆನ್ನು ಹತ್ತಬಹುದು. ಲೋಕಸಭೆಯಲ್ಲಂತೂ ಯಾವ ಯಾವ ಮಾತು ಭರವಸೆ ಎನಿಸುತ್ತದೆ ಎಂಬ ಪಟ್ಟಿಯೇ ಇದೆ, ಮೂರು ತಿಂಗಳಲ್ಲಿ ಈಡೇರಿಸಬೇಕು ಎಂಬ ನಿಯಮವೂ ಇದೆ. ಟೆಂಟಿನ ಮೈಕಿಗೆ ಅಂಥ ಸಮಿತಿ ಇಲ್ಲ.

ಉಳಿದ ಹೊತ್ತಿನಲ್ಲಿ ಕೋಟೆಯೊಳಗಿನ ಕಮಲ ಬಸದಿ ನೋಡಿದೆ. ರಟ್ಟ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ್ದು. ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲದ ಕೆಳಗೆ ಕತ್ತು ನೋಯುವವರೆಗೆ ನಿಂತಿದ್ದೆ. ಟಿಳಕವಾಡಿಯ ವೀರಸೌಧಕ್ಕೂ ಹೋದೆ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರ್‌ನಲ್ಲಿ ನಡೆದದ್ದು ಇಲ್ಲಿ. ಮನೆಗೆ ಕುಂದಾ ಕಟ್ಟಿಸಿಕೊಂಡೆ.

ಗುರುವಾರ

ಪರಿಷತ್ತಿನ ಗ್ಯಾಲರಿ. 75 ಸದಸ್ಯರ ಸದನ, ಸಭಾಧ್ಯಕ್ಷರ ಬದಲು ಸಭಾಪತಿ. ಶಿಕ್ಷಕರ ಕ್ಷೇತ್ರಗಳಿಂದ ಏಳು ಜನ, ಪದವೀಧರರಿಂದ ಏಳು ಜನ. ಆಗ್ನೇಯ ಶಿಕ್ಷಕರ ಕ್ಷೇತ್ರದಲ್ಲಿ ನನ್ನದೂ ಒಂದು ಮತವಿರುವುದರಿಂದ ಇಲ್ಲಿ ಸ್ವಲ್ಪ ಹಕ್ಕಿನಿಂದ ಕೂತೆ. ಮೇಲ್ಮನೆ ದಂಡ, ಸೋತವರ ಆಶ್ರಯತಾಣ ಎಂದು ಬೈಯುವವರ ಗುಂಪಿನಲ್ಲಿ ನಾನೂ ಇದ್ದವನೇ. ಆ ದಿನ ಮಾತ್ರ ಕೆಳಮನೆಗಿಂತ ಇಲ್ಲಿ ಕೆಲಸ ಚೆನ್ನಾಗಿ ಆಯಿತು.

ಹಿರಿಯ ಸದಸ್ಯರೊಬ್ಬರು ಅನುದಾನಿತ ಶಾಲೆಗಳ ಖಾಲಿ ಹುದ್ದೆಗಳ ಬಗ್ಗೆ ಕೇಳಿದ್ದರು. ಸಚಿವರ ಲಿಖಿತ ಉತ್ತರ ಬಂದಿತ್ತು. ಅವರು ಎದ್ದು, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಎರಡು ಹಾಳೆ ಎತ್ತಿ ಹಿಡಿದರು. ‘ಸಭಾಪತಿಗಳೇ, ಇದು ಇವತ್ತಿನ ಉತ್ತರ. ಇದು ಹಿಂದಿನ ಅಧಿವೇಶನದಲ್ಲಿ ಇದೇ ಇಲಾಖೆ ಕೊಟ್ಟ ಉತ್ತರ. ಎರಡನೆಯ ಪ್ಯಾರಾ ಅಕ್ಷರಕ್ಕಕ್ಷರ ಒಂದೇ ಇದೆ. ಈ ನಡುವೆ ಏನು ಪರಿಶೀಲನೆ ಆಯಿತು ಎಂದು ಸಚಿವರು ಹೇಳಲಿ.’ ದನಿ ಏರಿಸಲಿಲ್ಲ. ಸಚಿವರು ಅಧಿಕಾರಿಗಳ ಕಡೆ ತಿರುಗಿದರು, ಚೀಟಿ ಬರಲಿಲ್ಲ. ಯಾರೂ ಗದ್ದಲ ಎಬ್ಬಿಸಿ ಕಾಪಾಡಲೂ ಇಲ್ಲ. ಸದನ ಕಾಯುತ್ತ ಕೂತಿತ್ತು. ಕೊನೆಗೆ, ‘ಈ ಶೈಕ್ಷಣಿಕ ವರ್ಷ ಮುಗಿಯುವುದರೊಳಗೆ ಅನುಮತಿ ಕೊಡಿಸುತ್ತೇನೆ’ ಎಂದರು. ‘ಕಡತಕ್ಕೆ ಹೋಗಲಿ’ ಎಂದು ಸದಸ್ಯರು ಕೂತರು. ಸಂಜೆ ಯಾವ ಚಾನೆಲ್‌ನಲ್ಲೂ ಅದು ಕಾಣಲಿಲ್ಲ.

ರಾತ್ರಿಯ ರೈಲು. ಅವ್ವ ರೊಟ್ಟಿ, ಹಿಂಡಿ ಕಟ್ಟಿ ಕೊಟ್ಟಿದ್ದರು. ಎದುರು ಬರ್ತಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದ ಸಚಿವಾಲಯದ ಶಾಖಾಧಿಕಾರಿ. ಅವರ ಇಲಾಖೆಯ ಸರದಿ ಮುಗಿದಿತ್ತು. ಯಾವ ದಿನ ಯಾವ ಇಲಾಖೆ ಉತ್ತರಿಸಬೇಕು ಎಂಬುದು ಮೊದಲೇ ಗೊತ್ತುಪಡಿಸಿರುತ್ತದೆ. ರೊಟ್ಟಿ ಹಂಚಿಕೊಂಡ ಮೇಲೆ ಮಾತು ಬಿಚ್ಚಿತು.

‘ಒಂದು ಪ್ರಶ್ನೆ ಬಂತು ಅಂದ್ರೆ ಇಲಾಖೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಹೋಗುತ್ತೆ ಸಾರ್. ಅಲ್ಲಿಂದ ಅಂಕಿಅಂಶ ಬರೋದು ರಾತ್ರಿ ಹತ್ತಕ್ಕೆ, ವಾಟ್ಸಾಪಲ್ಲಿ. ಉತ್ತರದ ಜೊತೆಗೆ ಸಾಹೇಬ್ರಿಗೆ ಒಂದು ಟಿಪ್ಪಣಿ ಮಾಡಿಕೊಡ್ತೀವಿ. ಇಂಥ ಪೂರಕ ಪ್ರಶ್ನೆ ಬಂದ್ರೆ ಹೀಗೆ ಹೇಳಿ, ಅಂಥದ್ದು ಬಂದ್ರೆ ಹಾಗೆ ಹೇಳಿ ಅಂತ. ಅದೇ ಕಷ್ಟದ ಕೆಲಸ.’

ಗಲಾಟೆ ಆದರೆ ನಿಮಗೆ ತೊಂದರೆಯೇ ಎಂದೆ.

ನಕ್ಕರು. ‘ಗಲಾಟೆ ಆದ್ರೆ ನಾವು ಕ್ಯಾಂಟೀನಿಗೆ ಹೋಗ್ತೀವಿ. ಮೆತ್ತಗೆ ಎದ್ದು ಒಂದೇ ಒಂದು ಮಾತು ಕೇಳಿ ಕೂರ್ತಾರಲ್ಲ, ಅಂಥೋರು ನಮ್ಮ ಇಲಾಖೆಯ ದಿನ ಇದಾರೆ ಅಂದ್ರೆ ಹಿಂದಿನ ರಾತ್ರಿ ನಿದ್ದೆ ಬರಲ್ಲ.’

ಧಾರವಾಡ ದಾಟುವಾಗ ಅವರ ಫೋನು ಬಡಿದುಕೊಂಡಿತು. ಮರುದಿನ ಪರಿಷತ್ತಿನಲ್ಲಿ ಅವರ ಇಲಾಖೆಯ ಒಂದು ಪ್ರಶ್ನೆ ಉಳಿದಿತ್ತಂತೆ, ಅಲ್ಲೇ ಉಳಿದುಕೊಂಡಿದ್ದ ಸಹೋದ್ಯೋಗಿಯ ಕರೆ. ಇವರು ಎದ್ದು ಕೂತು, ಬ್ಯಾಗಿನಿಂದ ಹಾಳೆ ತೆಗೆದು, ಮೊಬೈಲಿನ ಬೆಳಕಿನಲ್ಲಿ ಬೆರಳಾಡಿಸುತ್ತ ಒಂದೊಂದೇ ಸಾಲು ಓದಿ ಹೇಳಿದರು. ಅನುಬಂಧದ ಎರಡನೆಯ ಪುಟಕ್ಕೆ ಬಂದಾಗ ನಿಂತರು.

‘ಬೇಡ ಬೇಡ, ಮಂಜೂರಾತಿ ತಾರೀಖು ಉತ್ತರದಲ್ಲಿ ಹಾಕ್ಬೇಡಿ’ ಎಂದರು. ‘ಟಿಪ್ಪಣಿಯಲ್ಲಿ ಇಟ್ಟಿರಿ. ಕೇಳಿದ್ರೆ ಮಾತ್ರ ಕೊಡಿ.’